ಗೋದಾವರಿ ಉಳಿಸಿಕೊಂಡ ಬೆರಳು

ಗೋದಾವರಿ ಹೊಲಿದ ರವಿಕೆಯನ್ನು ಒಮ್ಮೆ ಒಳಮಗ್ಗುಲು ತಿರುಗಿಸಿ ನೋಡಿದವರು ಬೇರೆ ಟೇಲರ್ ಹತ್ತಿರ ಹೋಗುವುದಿಲ್ಲ ಎಂದು ಹ್ಯೂಸ್ಟನ್ನಿನ ಕನ್ನಡದ ಹೆಂಗಸರಲ್ಲಿ ಒಂದು ಮಾತಿದೆ. ಹೊರಗಿನ ಹೊಲಿಗೆಯನ್ನು ಯಾರಾದರೂ ಚೆನ್ನಾಗಿ ಹಾಕಬಹುದು. ಗೋದಾವರಿಯವರ ರವಿಕೆ ಒಳಗೂ ಅಷ್ಟೇ ಅಚ್ಚುಕಟ್ಟು. ಒಂದು ದಾರ ಇಣುಕುವುದಿಲ್ಲ, ಹುಕ್ಕುಗಳನ್ನು ಕೈಯಲ್ಲೇ ಹಾಕಿರುತ್ತಾರೆ, ಮೈ ಬಂದರೆ ಬಿಚ್ಚಿಕೊಳ್ಳಲಿ ಎಂದು ಕಂಕುಳ ಕೆಳಗೆ ಎರಡು ಬೆರಳಷ್ಟು ಬಟ್ಟೆ ಬಿಟ್ಟಿರುತ್ತಾರೆ. ಈ ಕೆಲಸವನ್ನು ಅವರು ಧಾರವಾಡದ ಮಾಳಮಡ್ಡಿಯಲ್ಲಿ ಸೋದರತ್ತೆಯ ಪಕ್ಕ ಕೂತು ಕಲಿತವರು. ಗಂಡ ಪ್ರಹ್ಲಾದ್ ತೈಲದ ಕೊಳವೆಗಳಿಗೆ ವಾಲ್ವ್ ವಿನ್ಯಾಸ ಮಾಡುವ ಇಂಜಿನಿಯರು. ಹ್ಯೂಸ್ಟನ್ ಹೊರವಲಯದ ಫುಲ್‌ಶೀರ್‌ನ ಅವರ ಮನೆಯಲ್ಲಿ ಬಾಗಿಲು ದಾಟಿದ ತಕ್ಷಣ ಸಿಗುವ ಊಟದ ಕೋಣೆಯಲ್ಲಿ ಯಾರೂ ಎಂದೂ ಊಟ ಮಾಡಿಲ್ಲ. ಅಲ್ಲಿನ ಎಂಟು ಜನರ ಮೇಜಿನ ಮೇಲೆ ಯಾವಾಗಲೂ ಬಟ್ಟೆ, ಕತ್ತರಿ, ಸೀಮೆಸುಣ್ಣ.

ಗೋದಾವರಿಯವರಿಗೆ ನಲವತ್ತರ ಹೊತ್ತಿಗೆ ರಕ್ತದೊತ್ತಡದಿಂದ ಎರಡೂ ಕಿಡ್ನಿ ಕೆಟ್ಟವು. ಮೂರು ವರ್ಷ ವಾರಕ್ಕೆ ಮೂರು ಸಲ ಡಯಾಲಿಸಿಸ್. ೨೦೧೪ರಲ್ಲಿ, ತೀರಿಹೋದ ಟೆಕ್ಸಸ್‌ನವರೊಬ್ಬರ ಕಿಡ್ನಿ ಅವರಿಗೆ ಬಂತು. ಕೊಟ್ಟವರು ಯಾರೆಂದು ಗೊತ್ತಿಲ್ಲ. ಆದರೂ ಪ್ರತಿ ವರ್ಷ ಆ ದಿನ ಗೋದಾವರಿ ದೇವರ ಮುಂದೆ ಒಂದು ದೀಪ ಹೆಚ್ಚಿಗೆ ಹಚ್ಚುತ್ತಾರೆ.

ಪರರ ಕಿಡ್ನಿಯನ್ನು ದೇಹ ಸುಮ್ಮನೆ ಒಪ್ಪಿಕೊಳ್ಳುವುದಿಲ್ಲ. ಅದಕ್ಕಾಗಿ ಬೆಳಿಗ್ಗೆ ಎಂಟಕ್ಕೆ, ಸಂಜೆ ಎಂಟಕ್ಕೆ ಗುಳಿಗೆ ನುಂಗಬೇಕು. ಆ ಗುಳಿಗೆಗಳು ದೇಹದ ಕಾವಲುಗಾರರಿಗೆ ಮಂಪರು ತರಿಸುತ್ತವೆ. ಕಾವಲು ಸಡಿಲವಾದ ಮನೆಗೆ ಯಾರು ಬೇಕಾದರೂ ನುಗ್ಗಬಹುದು ಎಂಬುದನ್ನು ಆಸ್ಪತ್ರೆಯವರು ಮೊದಲೇ ಹೇಳಿದ್ದರು. ಗೋದಾವರಿ ಜ್ವರ, ಕೆಮ್ಮಿನ ಬಗ್ಗೆ ಎಚ್ಚರವಾಗಿದ್ದರು. ಚರ್ಮವನ್ನೂ ನೋಡಿಕೊಳ್ಳಿ, ಬಿಸಿಲಿಗೆ ಹೋಗುವಾಗ ಮುಲಾಮು ಹಚ್ಚಿಕೊಳ್ಳಿ ಎಂದಿದ್ದ ಹಾಳೆ ಮಾತ್ರ ಫೈಲಿನಲ್ಲೇ ಉಳಿಯಿತು. ಬಿಸಿಲಿನ ಮಾತು ಬಿಳಿಯರಿಗೆ ಹೇಳಿದ್ದು ಎಂದುಕೊಂಡಿದ್ದರು.

ಕಸಿಯಾದ ಆರನೆಯ ವರ್ಷ ಬೆರಳುಗಳ ಮೇಲೆ ನರಹುಲಿ ಎದ್ದವು. ಮೊದಲು ಎರಡು, ಆಮೇಲೆ ಐದು, ಆಮೇಲೆ ಎಣಿಸುವುದನ್ನು ಬಿಟ್ಟರು. ಊರಲ್ಲಿ ಮಾಡುತ್ತಿದ್ದ ಹಾಗೆ ಸುಣ್ಣ ಹಚ್ಚಿದರು. ಚರ್ಮ ಸುಟ್ಟಿತೇ ಹೊರತು ನರಹುಲಿ ಹೋಗಲಿಲ್ಲ. ಡಾಕ್ಟರ ಹತ್ತಿರ ನರಹುಲಿಯನ್ನು ಹೆಪ್ಪುಗಟ್ಟಿಸಿ ಸುಡುವ ತಣ್ಣನೆಯ ಅನಿಲ ಬಿಡಿಸಿಕೊಂಡರು. ಎಂಟು ದಿನ ಬೊಬ್ಬೆ, ತಿಂಗಳಿಗೆ ಮತ್ತೆ ಅದೇ ಜಾಗದಲ್ಲಿ ಅದೇ ಗಂಟು. ಬಲಗೈ ತೋರುಬೆರಳಿನ ಉಗುರಿನ ಅಂಚಿಗೆ ಒಂದು ಕೂತಿತ್ತು. ಅದು ಉಳಿದವುಗಳಂತಿರಲಿಲ್ಲ. ಬಿರಿಯುತ್ತಿತ್ತು, ಒಣಗುತ್ತಿತ್ತು, ಮತ್ತೆ ಬಿರಿಯುತ್ತಿತ್ತು.

ಒಂದು ದಿನ ಮದುವೆಯ ರವಿಕೆಯೊಂದಕ್ಕೆ ಹುಕ್ಕು ಹಾಕುತ್ತಿದ್ದಾಗ ಕೆನೆಬಣ್ಣದ ರೇಷ್ಮೆಯ ಮೇಲೆ ಸಾಸಿವೆಯಷ್ಟು ರಕ್ತ ಬಿತ್ತು. ಗೋದಾವರಿ ಕೂಡಲೇ ತಣ್ಣೀರಿನಲ್ಲಿ ತೊಳೆದರು, ಕಲೆ ಪೂರ್ತಿ ಹೋಗಲಿಲ್ಲ. ಆ ಭಾಗದ ಬಟ್ಟೆ ಬದಲಿಸಿ ರವಿಕೆ ಹೊಸದಾಗಿ ಹೊಲಿದು, ನಡೆದದ್ದನ್ನು ಮುಚ್ಚಿಡದೆ ಮದುವೆಹೆಣ್ಣಿನ ತಾಯಿಗೆ ಹೇಳಿದರು. ಆಕೆ ನಗುತ್ತಲೇ ತೆಗೆದುಕೊಂಡಳು. ಆದರೆ ಕವರನ್ನು ಹಿಡಿಯುವಾಗ ಗೋದಾವರಿಯವರ ಕೈ ತಾಗದಂತೆ ತುದಿಯಲ್ಲಿ ಹಿಡಿದಳು. ಮುಂದಿನ ತಿಂಗಳು ಆಕೆಯ ತಂಗಿಯ ಆರು ರವಿಕೆಗಳು ಬರಬೇಕಿತ್ತು, ಬರಲಿಲ್ಲ.

ಅಂದಿನಿಂದ ಗೋದಾವರಿ ತೆಳು ಹತ್ತಿಯ ಕೈಗವಸು ತೊಡತೊಡಗಿದರು. ದೇವಸ್ಥಾನದಲ್ಲಿ ಪ್ರಸಾದ ಬಡಿಸಲು ಕರೆದರೆ ಸೊಂಟನೋವೆಂದು ಹೇಳಿ ಹಿಂದೆ ಕೂರುತ್ತಿದ್ದರು. ಕುಟುಂಬದ ವೈದ್ಯರಿಗೆ ತೋರಿಸಿದಾಗ ಅವರು ಇದು ನರಹುಲಿ, ಇಲ್ಲವೇ ಉಗುರಿನ ಶಿಲೀಂಧ್ರ, ನಮ್ಮ ಬಣ್ಣದವರು ಚರ್ಮದ ವಿಷಯದಲ್ಲಿ ಹೆದರಬೇಕಾಗಿಲ್ಲ ಎಂದು ಕಳಿಸಿದರು. ಹೀಗೆ ಒಂದು ವರ್ಷ ಕಳೆಯಿತು.

೨೦೨೩ರ ಮಾರ್ಚಿನಲ್ಲಿ ಕಿಡ್ನಿ ತಪಾಸಣೆಗೆ ಹೋದಾಗ ಅಲ್ಲಿನ ನರ್ಸ್ ಮಾರಿಸೋಲ್ ರಕ್ತದೊತ್ತಡ ನೋಡಿ, ತೂಕ ಬರೆದುಕೊಂಡು, ಕೈಗವಸು ಯಾಕೆ ಎಂದು ಕೇಳಿದಳು. ಒಂಬತ್ತು ವರ್ಷದಿಂದ ಗೋದಾವರಿಯನ್ನು ಕಂಡವಳು ಅವಳು. ಚಳಿ ಎಂದರೆ ನಂಬುವವಳಲ್ಲ. ಹೊರಗೆ ಹ್ಯೂಸ್ಟನ್ನಿನ ಸೆಕೆ ಆಗಲೇ ಶುರುವಾಗಿತ್ತು. ಗೋದಾವರಿ ನಿಧಾನವಾಗಿ ಕೈಗವಸು ಕಳಚಿದರು. ಮಾರಿಸೋಲ್ ಒಂದೊಂದೇ ಬೆರಳನ್ನು ಹಿಡಿದು ದೀಪದ ಕೆಳಗೆ ತಿರುಗಿಸಿ ನೋಡಿದಳು. ಆಕೆ ಹಿಂಜರಿಯದೆ ಹಾಗೆ ಹಿಡಿದದ್ದಕ್ಕೇ ಗೋದಾವರಿಯವರ ಕಣ್ಣು ತುಂಬಿತ್ತು. ತೋರುಬೆರಳಿಗೆ ಬಂದಾಗ ಮಾರಿಸೋಲ್ ದೀಪವನ್ನು ಇನ್ನೂ ಹತ್ತಿರಕ್ಕೆ ಎಳೆದಳು. ಇದು ಅವುಗಳ ಜಾತಿಯದಲ್ಲ, ಇವತ್ತೇ ಚರ್ಮದ ಡಾಕ್ಟರು ನೋಡಲಿ ಎಂದು ಹೇಳಿ, ತಾನೇ ಫೋನು ಮಾಡಿ, ತಾನೇ ಮೂರು ಮಹಡಿ ಮೇಲಕ್ಕೆ ಕರೆದುಕೊಂಡು ಹೋದಳು. ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದರು. ಆರನೆಯ ದಿನ ಉತ್ತರ ಬಂತು. ಚರ್ಮದ ಕ್ಯಾನ್ಸರ್.

ಕಿಡ್ನಿ ಕಸಿಯಾದವರಲ್ಲಿ ಇದು ಉಳಿದವರಿಗಿಂತ ಎಷ್ಟೋ ಪಟ್ಟು ಹೆಚ್ಚು, ನರಹುಲಿ ತರುವ ವೈರಾಣುವೇ ಕೆಲವೊಮ್ಮೆ ಇದಕ್ಕೂ ಹಾದಿ ಮಾಡಿಕೊಡುತ್ತದೆ, ಕಂದು ಬಣ್ಣದವರಲ್ಲಿ ಬಿಸಿಲು ಬೀಳದ ಜಾಗದಲ್ಲೂ ಬರುತ್ತದೆ ಎಂದು ಡಾಕ್ಟರು ವಿವರಿಸಿದರು. ಸಮಾಧಾನದ ವಿಷಯವೆಂದರೆ ಎಕ್ಸ್‌ರೇಯಲ್ಲಿ ಮೂಳೆಗೆ ಏನೂ ಆಗಿರಲಿಲ್ಲ. ಮುಂದಿನ ವಾರ ಕೈ ಶಸ್ತ್ರಚಿಕಿತ್ಸೆಯ ತಜ್ಞರೊಬ್ಬರು ನೋಡಿ, ಬೆರಳಿನ ತುದಿಯ ಗೆಣ್ಣನ್ನು ತೆಗೆದುಬಿಡುವುದೇ ಖಚಿತವಾದ ದಾರಿ ಎಂದರು.

ವಾಪಸು ಬರುವಾಗ ಪ್ರಹ್ಲಾದ್ ಹಿಲ್‌ಕ್ರಾಫ್ಟ್ ಕಡೆ ಗಾಡಿ ತಿರುಗಿಸಿದರು. ಅಸ್ತರದ ಬಟ್ಟೆ, ಹುಕ್ಕಿನ ಪೊಟ್ಟಣಗಳಿಗೆ ಅವರು ತಿಂಗಳಿಗೊಮ್ಮೆ ಬರುವ ಬೀದಿ ಅದು. ಗೋದಾವರಿ ಇಳಿಯಲಿಲ್ಲ. ಗಾಡಿಯಲ್ಲೇ ಕೂತು ಗಂಡನಿಗೆ ಹೇಳಿದರು.

"ಕಿಡ್ನಿ ಹೋದಾಗ ನಾ ಅತ್ತಿದ್ದಿಲ್ಲ ರೀ. ಅದು ಒಳಗಿನ ಸಾಮಾನು, ಎಂದೂ ಕಂಡಿದ್ದಿಲ್ಲ. ಈ ಬೆರಳಲೆ ನಾ ಸೂಜಿ ಹಿಡೀತೀನಿ. ಇದು ಹೋದ್ರ ನಾ ಬರೇ ರೋಗಿ ಆಗಿ ಉಳೀತೀನಿ."

ಪ್ರಹ್ಲಾದ್ ಗಾಡಿಯ ಇಂಜಿನ್ ಆರಿಸಿದರು. "ಒಬ್ಬರ ಮಾತಿನ ಮ್ಯಾಲೆ ಬೆರಳು ಕೊಡೂದು ಬ್ಯಾಡ, ಗೋದಾ. ಇನ್ನೊಬ್ಬರಿಗೆ ತೋರಸೋಣ. ಅವರೂ ಅದನ್ನ ಹೇಳಿದ್ರ ಆಗ ನಾ ನಿನ್ನ ಜೋಡಿ ಸೂಜಿ ಹಿಡೀಲಿಕ್ಕೆ ಕಲೀತೀನಿ."

ದಾರಿ ತೋರಿದವಳು ಮತ್ತೆ ಮಾರಿಸೋಲೇ. ಡಲ್ಲಾಸ್‌ನಲ್ಲಿ ಅಂಗಾಂಗ ಕಸಿಯಾದವರ ಚರ್ಮವನ್ನೇ ವಿಶೇಷವಾಗಿ ನೋಡುವ ವೈದ್ಯೆಯೊಬ್ಬಳಿದ್ದಾಳೆ, ಹೆಸರು ಪ್ರಗತಿ ಎಂದಳು. ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ ಮಗಳು ಪ್ರಿಯಂವದಾ ಕೆಲಸಕ್ಕಿದ್ದಳು, ಉಳಿಯಲು ಮನೆಯಿತ್ತು. ನಾಲ್ಕು ಗಂಟೆಯ ಹಾದಿ. ಗೋದಾವರಿ ಹೊರಡುವಾಗ ಒಂದು ಹಳೆಯ ರವಿಕೆಯನ್ನು ಚೀಲದಲ್ಲಿಟ್ಟುಕೊಂಡರು.

ಡಾಕ್ಟರ್ ಪ್ರಗತಿಗೆ ಮೂವತ್ತೇಳೋ ಮೂವತ್ತೆಂಟೋ. ದಾವಣಗೆರೆಯಿಂದ ಬಂದವರ ಮಗಳು, ಹುಟ್ಟಿದ್ದು ಬೆಳೆದದ್ದು ಡಲ್ಲಾಸ್‌ನಲ್ಲೇ. ಕನ್ನಡ ಅರ್ಥವಾಗುತ್ತದೆ, ಮಾತು ಇಂಗ್ಲಿಷಿನಲ್ಲಿ. ಗೋದಾವರಿ ರವಿಕೆಯನ್ನು ತೆಗೆದು ಒಳಮಗ್ಗುಲು ತಿರುಗಿಸಿ ಮೇಜಿನ ಮೇಲಿಟ್ಟರು. ಈ ಬೆರಳು ಮಾಡುವ ಕೆಲಸ ಇದು, ಇದನ್ನು ನೋಡಿ ಆಮೇಲೆ ಹೇಳಿ ಎಂದರು. ಪ್ರಗತಿ ಹುಕ್ಕುಗಳ ಸಾಲನ್ನು ಬೆರಳಿನಿಂದ ಸವರಿ ನೋಡಿದಳು, ಆಮೇಲೆ ತುಂಬ ಹೊತ್ತು ಗೋದಾವರಿಯ ಬೆರಳನ್ನು ನೋಡಿದಳು. ಅವಳು ಹೇಳಿದ್ದು ಹೀಗೆ. ಒಂದೇ ಸಲ ಕತ್ತರಿಸದೆ ತೆಳ್ಳಗೆ ಪದರ ಪದರವಾಗಿ ತೆಗೆಯಬಹುದು. ಪ್ರತಿ ಪದರವನ್ನೂ ಆಗಲೇ ಸೂಕ್ಷ್ಮದರ್ಶಕದಲ್ಲಿ ನೋಡಿ, ಎಲ್ಲಿ ರೋಗ ಉಳಿದಿದೆಯೋ ಅಲ್ಲಿ ಮಾತ್ರ ಮುಂದಿನ ಪದರ. ಉಗುರು ಹೋಗುತ್ತದೆ, ಮತ್ತೆ ಬರುವುದಿಲ್ಲ. ಬೆರಳು ಉಳಿಯಬಹುದು. ಆಳಕ್ಕಿಳಿದಿದ್ದರೆ ಮಾತ್ರ ಅದೂ ಹೋಗುತ್ತದೆ, ಭರವಸೆ ಕೊಡಲಾರೆ.

ಗೋದಾವರಿ ಒಪ್ಪಿದರು.

ಶಸ್ತ್ರಚಿಕಿತ್ಸೆಯ ದಿನ ಬೆಳಿಗ್ಗೆ ಬೆರಳ ಬುಡಕ್ಕೆ ಚುಚ್ಚುಮದ್ದು ಕೊಟ್ಟು ಮರಗಟ್ಟಿಸಿದರು. ಗೋದಾವರಿ ಎಚ್ಚರವಾಗಿಯೇ ಇದ್ದರು. ಮೊದಲ ಪದರ ತೆಗೆಯಲು ಹತ್ತು ನಿಮಿಷ ಹಿಡಿಯಿತು. ಆಮೇಲೆ ಬೆರಳಿಗೆ ದಪ್ಪ ಪಟ್ಟಿ ಸುತ್ತಿ ಹೊರಗೆ ಕೂರಿಸಿದರು. ಮುಕ್ಕಾಲು ಗಂಟೆಯ ಮೇಲೆ ನರ್ಸ್ ಬಂದು, ಇನ್ನೂ ಇದೆ ಎಂದಳು. ಎರಡನೆಯ ಪದರ. ಮತ್ತೆ ಹೊರಗೆ. ಪ್ರಿಯಂವದಾ ತಂದಿದ್ದ ಅವಲಕ್ಕಿ ಮೊಸರನ್ನು ಪ್ರಹ್ಲಾದ್ ಚಮಚದಲ್ಲಿ ಹೆಂಡತಿಗೆ ತಿನ್ನಿಸಿದರು. ಈ ಸಲವೂ ನರ್ಸೇ ಬಂದಳು. ಒಂದು ಮೂಲೆಯಲ್ಲಿ ಮಾತ್ರ, ಗಡಿಯಾರದಲ್ಲಿ ನಾಲ್ಕು ಗಂಟೆಯ ಅಂಕಿಯಿರುವ ಕಡೆ, ಉಳಿದಿದೆ ಎಂದಳು. ಅದರ ಕೆಳಗೆ ಮೂಳೆ. ಮೂರನೆಯ ಪದರ ತೆಗೆಯುವಾಗ ಗೋದಾವರಿ ಕಣ್ಣು ಮುಚ್ಚಿ, ಸೋದರತ್ತೆ ಹೇಳಿಕೊಟ್ಟಿದ್ದ ಕ್ರಮದಲ್ಲಿ ರವಿಕೆಯ ಒಂದು ತೋಳನ್ನು ಮನಸ್ಸಿನಲ್ಲೇ ಕತ್ತರಿಸಿ ಜೋಡಿಸುತ್ತ ಮಲಗಿದ್ದರು.

ಅದರ ಫಲಿತಾಂಶಕ್ಕೆ ಒಂದು ಗಂಟೆಗೂ ಮೇಲಾಯಿತು. ಬಾಗಿಲು ತೆರೆದಾಗ ಬಂದದ್ದು ನರ್ಸಲ್ಲ, ಪ್ರಗತಿ. ಗೋದಾವರಿಯ ಎದುರಿಗೆ ಕುಕ್ಕರುಗಾಲಲ್ಲಿ ಕೂತಳು. ಪದ ಹುಡುಕುತ್ತಿದ್ದಂತೆ ಒಂದು ಕ್ಷಣ ತಡೆದಳು.

"ಮುಗೀತು, ಆಂಟಿ," ಎಂದಳು ಕನ್ನಡದಲ್ಲೇ. "ಏನೂ ಉಳಿದಿಲ್ಲ. ಬೆರಳು ನಿಮ್ದೇ."

ಆವರೆಗೆ ಗಟ್ಟಿಯಾಗಿದ್ದ ಪ್ರಹ್ಲಾದ್ ಎದ್ದು ಕಿಟಕಿಯ ಕಡೆ ತಿರುಗಿ ನಿಂತರು. ಕರ್ಚೀಫು ತೆಗೆದು ಕಣ್ಣೊರೆಸಿಕೊಂಡರು. ಗೋದಾವರಿ ಮಾತ್ರ ಅಂದು ಅಳಲಿಲ್ಲ. ತೋಳಿನ ಒಳಭಾಗದಿಂದ ಚರ್ಮ ತೆಗೆದು ಬೆರಳಿಗೆ ಹೊದಿಸಿ ಹೊಲಿಯುತ್ತಿದ್ದಾಗ ತಲೆ ಎತ್ತಿ ಎತ್ತಿ ನೋಡಿದರು. ನಿನ್ನ ಹೊಲಿಗೆ ಸಮ ಬರುತ್ತಿದೆ ಎಂದು ಡಾಕ್ಟರಿಗೆ ಶಹಭಾಸ್ ಕೂಡ ಹೇಳಿದರು.

ಗಾಯ ಮಾಯಲು ಆರು ವಾರ ಹಿಡಿಯಿತು. ಅದಾದ ಮೇಲೆ ಹ್ಯೂಸ್ಟನ್ನಿನ ಕಿಡ್ನಿ ಡಾಕ್ಟರು ಒಂದು ಹಳೆಯ ಗುಳಿಗೆಯನ್ನು ಇಳಿಸುತ್ತ, ಚರ್ಮದ ಕ್ಯಾನ್ಸರ್ ಮರುಕಳಿಸದಂತೆ ಸಹಾಯ ಮಾಡುವ ಬೇರೊಂದನ್ನು ಶುರುಮಾಡಿದರು. ಗುಳಿಗೆ ಬದಲಾದರೆ ಕಿಡ್ನಿ ಮುನಿಸಿಕೊಳ್ಳಬಹುದೆಂಬ ಭಯ ಇದ್ದೇ ಇತ್ತು. ವಾರವಾರವೂ ರಕ್ತಪರೀಕ್ಷೆ. ಬಾಯಿತುಂಬ ಹುಣ್ಣಾಗಿ ಒಂದು ತಿಂಗಳು ಖಾರ ಮುಟ್ಟಲಾಗಲಿಲ್ಲ. ಕಿಡ್ನಿ ಮಾತ್ರ ತನ್ನ ಪಾಡಿಗೆ ತಾನು ಕೆಲಸ ಮಾಡಿಕೊಂಡಿತ್ತು. ಕೈಮೇಲಿನ ನರಹುಲಿಗಳೂ ಒಂದೊಂದಾಗಿ ಕುಗ್ಗತೊಡಗಿದವು.

ಸೂಜಿ ಹಿಡಿಯುವುದು ಅಷ್ಟು ಸುಲಭವಾಗಿರಲಿಲ್ಲ. ಉಗುರಿಲ್ಲದ ಬೆರಳಿಗೆ ಒತ್ತಲು ಆಸರೆಯಿಲ್ಲ, ತುದಿಗೆ ಸರಿಯಾದ ಸ್ಪರ್ಶವಿಲ್ಲ. ಸೂಜಿ ಜಾರಿ ನೆಲಕ್ಕೆ ಬಿದ್ದು ಪ್ರಹ್ಲಾದ್ ಮಂಡಿಯೂರಿ ಹುಡುಕಿಕೊಡುತ್ತಿದ್ದರು. ಮೊದಲ ಹುಕ್ಕಿಗೆ ಇಪ್ಪತ್ತು ನಿಮಿಷವಾಯಿತು, ಅದೂ ಸೊಟ್ಟ. ಗೋದಾವರಿ ಬಿಚ್ಚಿದರು, ಮತ್ತೆ ಹಾಕಿದರು. ಹೆಬ್ಬೆರಳು ಮತ್ತು ನಡುಬೆರಳಲ್ಲಿ ಸೂಜಿ ಹಿಡಿದು ತೋರುಬೆರಳನ್ನು ಬಟ್ಟೆಯ ಮೇಲೆ ಊರುವ ಒಂದು ಹೊಸ ಹಿಡಿತವನ್ನು ಕಂಡುಕೊಂಡರು. ಹಳೇ ಚಾದರವೊಂದರ ಅಂಚಿಗೆ ಬೇಸಿಗೆಯಿಡೀ ಹುಕ್ಕು ಹಾಕಿದರು. ದೀಪಾವಳಿಯ ಹೊತ್ತಿಗೆ ಒಂದು ಹುಕ್ಕು ಎರಡು ನಿಮಿಷಕ್ಕೆ ಇಳಿದಿತ್ತು, ನೆಟ್ಟಗೂ ಇತ್ತು. ಕೈಗವಸುಗಳನ್ನು ತೊಳೆದು ಮಡಿಸಿ ಪೆಟ್ಟಿಗೆಗೆ ಹಾಕಿದರು. ಯಾರಾದರೂ ಬೆರಳು ನೋಡಿ ಕೇಳಿದರೆ ಪೂರ್ತಿ ಕಥೆ ಹೇಳುತ್ತಿದ್ದರು. ಕೇಳದೆ ಬರೇ ನೋಡಿದವರಿಗೂ ಹೇಳುತ್ತಿದ್ದರು.

ಮರುವರ್ಷ, ೨೦೨೪ರ ಸೆಪ್ಟೆಂಬರಿನಲ್ಲಿ, ಆಸ್ಟಿನ್ನಿನ ಸೀಡರ್ ಪಾರ್ಕ್‌ನಿಂದ ಕುಮುದಾಳ ಫೋನು ಬಂತು. ಮೈಸೂರಿನವಳು, ಚಿಪ್ ಕಂಪನಿಯಲ್ಲಿ ಕೆಲಸ, ಮೊದಲು ಹ್ಯೂಸ್ಟನ್ನಿನಲ್ಲಿದ್ದಾಗ ಗೋದಾವರಿಯವರಲ್ಲೇ ಹೊಲಿಸುತ್ತಿದ್ದವಳು. ರಾಜ್ಯೋತ್ಸವಕ್ಕೆ ಮೂವತ್ತೆರಡು ಹೆಂಗಸರು ಕೋಲಾಟ ಆಡುತ್ತಾರೆ, ಎಲ್ಲರಿಗೂ ಇಳಕಲ್ ಸೀರೆ, ರವಿಕೆಗೆ ಗುಳೇದಗುಡ್ಡದ ಖಣ ತರಿಸಿದ್ದೇವೆ, ಖಣಕ್ಕೆ ಕತ್ತರಿ ಹಾಕಲು ಇಲ್ಲಿ ಯಾರಿಗೂ ಧೈರ್ಯವಿಲ್ಲ ಎಂದಳು. ಗೋದಾವರಿ ಒಂದು ದಿನ ಯೋಚಿಸಿ ಹೂಂ ಎಂದರು. ಅಳತೆ ತೆಗೆದುಕೊಳ್ಳಲು ಶನಿವಾರ ಬೆಳಿಗ್ಗೆ ಗಂಡ ಹೆಂಡತಿ ಸೀಡರ್ ಪಾರ್ಕ್‌ಗೆ ಡ್ರೈವ್ ಮಾಡಿಕೊಂಡು ಹೋದರು.

ಕುಮುದಾಳ ಮನೆಯಲ್ಲಿ ಮಧ್ಯಾಹ್ನದವರೆಗೆ ಇಪ್ಪತ್ತು ಜನರ ಅಳತೆ ಮುಗಿಯಿತು. ಕುಮುದಾಳ ಅತ್ತೆ ಶಾರದಮ್ಮ ಒಂದು ಮೂಲೆಯಲ್ಲಿ ಕೂತು ನೋಡುತ್ತಿದ್ದರು. ಎಪ್ಪತ್ತೆರಡು ವರ್ಷ. ಕೈಬೆರಳುಗಳು ಸಂಧಿವಾತದಿಂದ ಸೊಟ್ಟಗಾಗಿದ್ದವು. ಕುಣಿಯಲಾಗದಿದ್ದರೂ ತಮಗೂ ಒಂದು ಖಣದ ರವಿಕೆ ಬೇಕೆಂಬ ಆಸೆ. ಕೇಳಲು ಸಂಕೋಚಪಡುತ್ತಿದ್ದವರನ್ನು ಗೋದಾವರಿಯೇ ಒಳಕೋಣೆಗೆ ಕರೆದರು.

ಬೆನ್ನಿನ ಅಳತೆಗೆಂದು ಸೆರಗು ಸರಿಸಿದಾಗ, ರವಿಕೆಯ ಅಂಚಿನ ಕೆಳಗೆ ಎಡಪಕ್ಕೆಯುದ್ದಕ್ಕೂ ಕೆಂಪು ಪಟ್ಟಿಯಂತೆ ಸಣ್ಣ ನೀರುಗುಳ್ಳೆಗಳು ಕಂಡವು. ಬೆನ್ನುಮೂಳೆಯ ಹತ್ತಿರ ಗೆರೆ ಎಳೆದಂತೆ ನಿಂತಿದ್ದವು. ಬಲಗಡೆ ಒಂದೂ ಇಲ್ಲ. ಗೋದಾವರಿ ಟೇಪನ್ನು ಕೆಳಗಿಟ್ಟರು.

"ಯಾವಾಗಿಂದ ಅದಾವ್ರಿ ಅಮ್ಮಾರ, ಇವು?"

"ನೆನ್ನೆಯಿಂದ ಉರಿ ಕಣಮ್ಮ. ಹುಕ್ಕು ಒತ್ತಿರಬೇಕು ಅಂತ ಕೊಬ್ಬರಿ ಎಣ್ಣೆ ಹಚ್ಚಿದೀನಿ. ಕುಮುದಂಗೆ ಹೇಳಿಲ್ಲ, ಅವಳಿಗೆ ಆಗ್ಲೇ ನೂರೆಂಟು ಕೆಲಸ."

ಸಂಧಿವಾತಕ್ಕೆ ಏನು ತೆಗೆದುಕೊಳ್ಳುತ್ತೀರಿ ಎಂದು ಗೋದಾವರಿ ಕೇಳಿದರು. ಶಾರದಮ್ಮ ತೋರಿಸಿದ ಡಬ್ಬಿಗಳಲ್ಲಿ ಒಂದರ ಹೆಸರು ಅವರಿಗೆ ಪರಿಚಯದ್ದು. ಅದೂ ದೇಹದ ಕಾವಲನ್ನು ಸಡಿಲಿಸುವ ಗುಳಿಗೆಯೇ. ಇದು ಸರ್ಪಸುತ್ತಿರಬೇಕು, ಹಾಗಿದ್ದರೆ ನಿಮ್ಮಂಥವರಿಗೆ ಒಂದು ದಿನವೂ ತಡಮಾಡಬಾರದು ಎಂದರು. ಸರ್ಪಸುತ್ತೆಂಬ ಮಾತು ಕೇಳಿ ಶಾರದಮ್ಮನ ಮುಖ ಬಿಳುಚಿತು. ಹಾವಿನ ತಲೆಯೂ ಬಾಲವೂ ಕೂಡಿದರೆ ಜೀವ ಹೋಗುತ್ತದೆಂದು ಅವರು ಕೇಳಿದ್ದರು. ಗುಳ್ಳೆಗೆ ಹಚ್ಚಲು ಕೆಮ್ಮಣ್ಣು ಸಿಗುತ್ತದೆಯೇ ಎಂದು ವಿಚಾರಿಸಿದರು.

"ತಲೆ ಇಲ್ಲ, ಬಾಲ ಇಲ್ರಿ. ಸಣ್ಣವರಿದ್ದಾಗ ಸಿಡುಬಿನಂಥ ಗುಳ್ಳಿ ಎದ್ದಿರ್ತಾವಲ್ಲ, ಅಮ್ಮ ಅಂತ ಬೇವಿನಸೊಪ್ಪು ಕಟ್ಟತಿದ್ರು, ಅದರ ವೈರಾಣು ಒಳಗ ಮಲಗಿತ್ತು, ಈಗ ಎದ್ದದ. ಇದಕ್ಕ ಗುಳಿಗಿ ಅದ. ಮಣ್ಣು ಬ್ಯಾಡ. ಈಗ ಕುಮುದಾನ ಜೋಡಿ ಹೋಗ್ರಿ, ಏಳ್ರಿ."

ಗೋದಾವರಿ ಮೊದಲು ಕೈಯನ್ನು ಸೋಪಿನಲ್ಲಿ ಚೆನ್ನಾಗಿ ತೊಳೆದುಕೊಂಡರು. ಸರ್ಪಸುತ್ತಿನ ಲಸಿಕೆ ಅವರಿಗೆ ಮೊದಲೇ ಆಗಿತ್ತು. ಆದರೂ ತಮ್ಮ ಆಸ್ಪತ್ರೆಗೆ ಫೋನು ಮಾಡಿ ತಿಳಿಸಿದರು. ಹೊರಗೆ ಹನ್ನೆರಡು ಹೆಂಗಸರು ಅಳತೆಗೆ ಕಾಯುತ್ತಿದ್ದರು. ಅವರ ಅಳತೆಯನ್ನು ತಾವು ನೋಡಿಕೊಳ್ಳುವುದಾಗಿ ಹೇಳಿ, ಕುಮುದಾ ಅತ್ತೆಯನ್ನು ಹತ್ತಿರದ ಅರ್ಜೆಂಟ್ ಕೇರ್ ದವಾಖಾನೆಗೆ ಕರೆದೊಯ್ಯುವಂತೆ ಮಾಡಿದರು. ಅಲ್ಲಿನ ಡಾಕ್ಟರು ನೋಡಿದ ಕೂಡಲೇ ಸರ್ಪಸುತ್ತೆಂದೇ ಹೇಳಿ, ಸಂಧಿವಾತದ ತಜ್ಞರ ಜೊತೆ ಫೋನಿನಲ್ಲಿ ಮಾತಾಡಿ, ಆ ಒಂದು ಗುಳಿಗೆಯನ್ನು ಸದ್ಯಕ್ಕೆ ನಿಲ್ಲಿಸಿ, ವೈರಾಣುವಿನ ಮದ್ದನ್ನು ಅದೇ ಮಧ್ಯಾಹ್ನ ಶುರುಮಾಡಿದರು. ಇನ್ನೆರಡು ದಿನ ಬಿಟ್ಟು ಬಂದಿದ್ದರೆ ಆಸ್ಪತ್ರೆಯಲ್ಲಿ ಮಲಗಬೇಕಾಗುತ್ತಿತ್ತೇನೋ ಎಂದರಂತೆ. ಗುಳ್ಳೆಗಳು ಪಕ್ಕೆಯಿಂದ ಮುಂದೆ ಹರಡಲಿಲ್ಲ. ಮೂರು ವಾರಕ್ಕೆ ಒಣಗಿ ಉದುರಿದವು. ವರ್ಷಗಟ್ಟಲೆ ಉಳಿಯಬಹುದಾಗಿದ್ದ ಉರಿ ಶಾರದಮ್ಮನಿಗೆ ಉಳಿಯಲಿಲ್ಲ.

ಫುಲ್‌ಶೀರ್‌ನ ಊಟದ ಕೋಣೆಯಲ್ಲಿ ಆರು ವಾರ ಖಣದ ರಾಶಿ. ಕಡುನೀಲಿ, ಕುಂಕುಮಗೆಂಪು, ಗಿಳಿಹಸಿರು. ಪ್ರಹ್ಲಾದ್ ಮನೆಯಿಂದಲೇ ಕೆಲಸ ಮಾಡುವ ಶುಕ್ರವಾರಗಳಂದು ನೂರು ಸೂಜಿಗಳಿಗೆ ದಾರ ಪೋಣಿಸಿಟ್ಟು ವಾಲ್ವಿನ ಮೀಟಿಂಗಿಗೆ ಕೂರುತ್ತಿದ್ದರು. ಖಣದ ಅಂಚು ತೋಳಿನ ತುದಿಗೆ ಸರಿಯಾಗಿ ಕೂರಬೇಕು, ಒಂದು ನೂಲು ಆಚೀಚೆಯಾದರೂ ಕಣ್ಣಿಗೆ ಹೊಡೆಯುತ್ತದೆ. ಮೂವತ್ತೆರಡಕ್ಕೆ ಒಂದು ಸೇರಿ ಮೂವತ್ತಮೂರು ರವಿಕೆ. ಒಂದನ್ನೂ ಬಿಚ್ಚಿ ಮತ್ತೆ ಹೊಲಿಯಬೇಕಾಗಲಿಲ್ಲ.

ನವೆಂಬರಿನ ಎರಡನೆಯ ಶನಿವಾರ ಆಸ್ಟಿನ್ನಿನ ಶಾಲೆಯೊಂದರ ಸಭಾಂಗಣ. ಮೂವತ್ತೆರಡು ಹೆಂಗಸರು ಕೋಲು ಹಿಡಿದು ಸುತ್ತುಗಟ್ಟಿದಾಗ ಜನ ಕೂತಲ್ಲಿ ಕೂರಲಿಲ್ಲ. ಮುಂದಿನ ಸಾಲಿನಲ್ಲಿ ಶಾರದಮ್ಮ, ಗಿಳಿಹಸಿರು ಖಣದ ರವಿಕೆಯಲ್ಲಿ, ಸೊಟ್ಟ ಬೆರಳುಗಳಿಂದಲೇ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಆಟ ಮುಗಿದ ಮೇಲೆ ಕುಮುದಾ ಮೈಕಿನಲ್ಲಿ ಗೋದಾವರಿಯವರನ್ನು ವೇದಿಕೆಗೆ ಕರೆದಳು. ಅವರು ಹತ್ತಿ, ಮಾತು ಬೆಳೆಸದೆ ಬಲಗೈ ಮೇಲೆತ್ತಿ ಎಲ್ಲರಿಗೂ ಕಾಣುವಂತೆ ತೋರುಬೆರಳನ್ನು ತಿರುಗಿಸಿದರು.

"ಇದು ಕ್ಯಾನ್ಸರ್ ಬಂದು ಹೋದ ಬೆರಳು. ಇದರಲೇ ನಿಮ್ಮ ಕುಪ್ಪಸಾ ಹೊಲಿದೀನಿ. ಕಿಡ್ನಿಗೆ, ಕೀಲಿಗೆ, ಯಾವುದಕ್ಕರೆ ಆಗಲಿ, ಮೈಯ ಕಾವಲು ಇಳಿಸೋ ಗುಳಿಗಿ ತಗೊಳ್ಳೋರು ನಿಮ್ಮ ಮನಿಯೊಳಗ ಇದ್ರ, ಅವರ ಮೈಮ್ಯಾಲೆ ಹೊಸದೇನರೆ ಕಂಡ್ರ ಮುಚ್ಚಿಡಬ್ಯಾಡ್ರಿ. ತೋರಸ್ರಿ."

ಚಪ್ಪಾಳೆ ನಿಲ್ಲಲು ಹೊತ್ತು ಹಿಡಿಯಿತು. ಕೆಳಗಿಳಿದು ಹೆಂಗಸರು ಬಟ್ಟೆ ಬದಲಿಸುವ ಕೋಣೆಗೆ ಹೋದರೆ ಅಲ್ಲೊಂದು ಸಣ್ಣ ಸಾಲೇ ನಿಂತಿತ್ತು. ಒಬ್ಬಳು ಮೊಣಕೈ ಮಡಚಿ ತೋರಿಸಿದಳು, ಇನ್ನೊಬ್ಬಳು ಕತ್ತಿನ ಹಿಂದಿನ ಮಚ್ಚೆಯನ್ನು. ನಾ ಟೇಲರು, ಡಾಕ್ಟರಲ್ಲ ಎಂದು ಗೋದಾವರಿ ನಕ್ಕರು. ಆದರೂ ಕನ್ನಡಕ ಏರಿಸಿ ಒಬ್ಬೊಬ್ಬರನ್ನೂ ಬೆಳಕಿಗೆ ತಿರುಗಿಸಿ ನೋಡಿದರು. ಲೂಪಸ್ ಕಾಯಿಲೆಗೆ ಅಂಥದೇ ಕಾವಲು ಇಳಿಸುವ ಮದ್ದು ತೆಗೆದುಕೊಳ್ಳುತ್ತಿದ್ದ ಒಬ್ಬಳಿಗೆ ಮಾತ್ರ ಸೋಮವಾರವೇ ಡಾಕ್ಟರಿಗೆ ಫೋನು ಮಾಡಬೇಕೆಂದು ಹೇಳಿ, ಅವಳ ಮೊಬೈಲಿನಲ್ಲಿ ತಾವೇ ಪ್ರಗತಿಯ ನಂಬರು ಹಾಕಿಕೊಟ್ಟರು. ಹೊರಗೆ ಬಿಸಿಬೇಳೆಭಾತ್ ಬಡಿಸಲು ಕೈ ಸಾಲದೆಂದು ಯಾರೋ ಕೂಗಿದರು. ಗೋದಾವರಿ ಸೆರಗು ಸಿಕ್ಕಿಸಿ, ಕೈ ತೊಳೆದುಕೊಂಡು, ಸೌಟು ಹಿಡಿಯಲು ಹೋದರು.